ಕೋಚ್ ದೈಲಮಿಯವರ ರಾಜೀನಾಮೆ

ಮನಾಮಾ, ಬಹರೈನ್
14 ಸೆಪ್ಟೆಂಬರ್ 2015

ಪ್ರೀತಿಯ ಅಣ್ಣನಿಗೆ,

ಇ-ಮೇಲ್ ನೋಡಿ ಗಾಬರಿಯಾಗಬೇಡ, ಇಲ್ಲಿ ನಾನೂ ಸುಧೀರನೂ ಸೌಖ್ಯ. ಫೋನಿನಲ್ಲಿ ಮಾತಾಡೋಣವೆಂದರೆ ಅಮ್ಮ ಅದನ್ನು ಸ್ಪೀಕರಿಗೆ ಹಾಕಿ ಇಡೀ ಬೆಂಗ್ರೆಗೆ ಕೇಳಿಸುತ್ತಾಳೆ. ನನ್ನ ಆಫೀಸಿನ ಸಂಗತಿ ಅವಳ ಬಾಯಿಗೆ ಬಿದ್ದರೆ ಮರುದಿನ ಅದು ದೋಣಿ ಹತ್ತಿ ಮಂಗಳೂರು ಬಂದರು ಮುಟ್ಟಿರುತ್ತದೆ. ಹಾಗಾಗಿ ಕ್ಲಬ್ಬಿನ ಸುದ್ದಿಯನ್ನೆಲ್ಲ ಇನ್ನು ಬರೆದೇ ಹೇಳುತ್ತೇನೆ. ನೀನೂ ಬರೆ. ಶಾಲೆಯ ಪಿ.ಟಿ. ಮಾಸ್ಟರಿಗೆ ಪುರುಸೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ.

ವಿಷಯ ಇಷ್ಟು. ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಕೋಚ್ ಬಂದಿದ್ದಾರೆ. ಹೆಸರು ಸಿಯಾಮಕ್ ದೈಲಮಿ, ಇರಾನಿನ ಬೂಶೆಹ್ರ್ ಎಂಬ ಬಂದರಿನ ಊರಿನವರು. ಎತ್ತರದ ಆಳು, ತಲೆ ಬೋಳು, ನಡೆಯುವಾಗ ಎಡಗಾಲು ಸ್ವಲ್ಪ ಎಳೆಯುತ್ತದೆ. ನಾನು ಕಷ್ಟಪಟ್ಟು ಇಂಗ್ಲಿಷ್ ಶುರುಮಾಡಿದರೆ ಅವರು ನಗುತ್ತಾ ಹಿಂದಿಯಲ್ಲಿ ಉತ್ತರ ಕೊಟ್ಟರು. ಗೋವಾದಲ್ಲಿ ಎರಡು ಸೀಸನ್ ಆಡಿದ್ದರಂತೆ, ಅಲ್ಲಿ ಕಲಿತದ್ದಂತೆ. ಅದು ನೀನೂ ಗೋವಾದಲ್ಲಿ ಗೋಲ್‌ಕೀಪರ್ ಆಗಿದ್ದ ಕಾಲವೇ ಅಲ್ಲವೇ? ಗೊತ್ತುಂಟಾ ನಿನಗೆ?

ಸನದ್ ಕಡೆಯ ನಮ್ಮ ಮೈದಾನದಲ್ಲಿ ಮೊದಲ ದಿನದ ಪ್ರಾಕ್ಟೀಸ್ ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಾಲ್ಕು ಜನ ಡಿಫೆಂಡರುಗಳ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿ ಮೈದಾನದಲ್ಲಿ ಆಚೆ ಈಚೆ ಓಡಿಸಿದರು. ಇಬ್ಬರು ಬಿದ್ದರು, ಕ್ಯಾಪ್ಟನ್ ಅರಬಿಯಲ್ಲಿ ಬೈದ. ಒಬ್ಬ ಕೆಮ್ಮಿದರೆ ನಾಲ್ವರ ಸೊಂಟಕ್ಕೂ ಗೊತ್ತಾಗಬೇಕು ಎಂದರು ಇವರು, ಅಷ್ಟೇ, ಮತ್ತೆ ಓಡಿಸಿದರು.

ಒಂದು ಮಾತ್ರ ನನಗೆ ಹಿಡಿಸಲಿಲ್ಲ. ಮೊನ್ನೆ ಅಂಜಲ್ ಮೀನಿನ ಪುಳಿಮುಂಚಿ ಮಾಡಿ, ನೀರುದೋಸೆಯ ಜೊತೆ ಅವರಿಗೂ ಒಯ್ದಿದ್ದೆ. ಬೇಡ, ಈಗಷ್ಟೇ ಊಟವಾಯಿತು ಎಂದರು. ಇನ್ನೊಮ್ಮೆ ಕೇಳಿದೆ, ಎದೆಯ ಮೇಲೆ ಕೈಯಿಟ್ಟು ಮತ್ತೆ ಬೇಡ ಎಂದರು. ಬೇಡದವರಿಗೆ ಬಡಿಸುವ ಹಣೆಬರಹ ನನಗೇನು, ಬುತ್ತಿಯ ಮುಚ್ಚಳ ಹಾಕಿ ತಂದೆ. ಆಮೇಲೆ ನೋಡಿದರೆ ಕಾರಿನಲ್ಲಿ ಕೂತು ಒಣ ರೊಟ್ಟಿ, ಸೌತೆಕಾಯಿ ತಿನ್ನುತ್ತಿದ್ದಾರೆ. ದೊಡ್ಡ ಜಂಬದ ಮನುಷ್ಯ ಇರಬೇಕು.

ಬೇಬಿ ಅತ್ತಿಗೆಯನ್ನು ಕೇಳಿದೆನೆಂದು ಹೇಳು.

ನಿನ್ನ ತಂಗಿ,
ತೃಪ್ತಿ

*

ತೋಟ ಬೆಂಗ್ರೆ
20 ಸೆಪ್ಟೆಂಬರ್ 2015

ಪ್ರೀತಿಯ ತೃಪ್ತಿಗೆ,

ಗೊತ್ತುಂಟಾ ಎಂದು ಕೇಳುತ್ತೀಯಲ್ಲ ಮಾರಾಯ್ತಿ. ಆ ಎರಡು ಸೀಸನ್ ನಾನು ಗೋಲಿನಲ್ಲಿ ನಿಂತು ನೋಡಿದ್ದೇ ಅವರ ಬೆನ್ನನ್ನು. ಕಣ್ಣು ಮುಚ್ಚಿದರೆ ಈಗಲೂ ಅವರ ಜೆರ್ಸಿಯ ನಾಲ್ಕನೇ ನಂಬರ್ ಕಾಣುತ್ತದೆ.

ನಮ್ಮ ಕಡೆಯ ಡಿಫೆಂಡರುಗಳು ಎದುರಿನವನ ಕಾಲಿಗೆ ಬೀಳುತ್ತಾರೆ, ನೆಲ ಉಜ್ಜುತ್ತಾರೆ, ಮೈಯೆಲ್ಲ ಕೆಸರು ಮಾಡಿಕೊಳ್ಳುತ್ತಾರೆ. ದೈಲಮಿ ಹಾಗಲ್ಲ. ಚೆಂಡು ಬರುವ ಜಾಗದಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದರು. ಆಟ ಮುಗಿದಾಗ ಅವರ ಚಡ್ಡಿ ಇಸ್ತ್ರಿ ಮಾಡಿಟ್ಟ ಹಾಗೆ ಇರುತ್ತಿತ್ತು. ಅವರ ಅಪ್ಪ ಬೂಶೆಹ್ರ್ ಬಂದರಿನಲ್ಲಿ ಮೂಟೆ ಹೊರುವವರು. ಇಪ್ಪತ್ತೆರಡನೇ ವಯಸ್ಸಿಗೆ ದೇಶದ ತಂಡದ ಕ್ಯಾಂಪಿಗೆ ಕರೆ ಬಂದಿತ್ತು, ಮೊದಲ ಪಂದ್ಯಕ್ಕೆ ಮುಂಚೆ ಎಡ ಮೊಣಕಾಲು ಹರಿಯಿತು. ದೇಶದ ಜೆರ್ಸಿ ಹಾಕಿ ಒಂದು ನಿಮಿಷವೂ ಆಡಲಿಲ್ಲ. ಆಮೇಲೆ ಗೋವಾ, ಗೋವಾದಿಂದ ಬಹರೈನ್, ಆಟ ಬಿಟ್ಟ ಮೇಲೆ ಕೋಚ್. ನಾನು ಆಗಾಗ ಇಂಟರ್ನೆಟ್ಟಿನಲ್ಲಿ ಅವರ ಹೆಸರು ಹುಡುಕುವುದುಂಟು. ಯಾವ ಕ್ಲಬ್ಬೂ ಅವರಿಗೆ ಒಂದು ಸೀಸನ್ ಪೂರ್ತಿ ಕೊಟ್ಟಿಲ್ಲ. ಎರಡು ಪಂದ್ಯ ಸೋತರೆ ಸಾಕು, ಹೊರಗೆ.

ಜಂಬದ ಮನುಷ್ಯ ಅಲ್ಲ ಅವರು. ಅದನ್ನು ಇನ್ನೊಮ್ಮೆ ಹೇಳುತ್ತೇನೆ.

ಒಂದು ಕೆಲಸ ಮಾಡು. ನೀನು ನನ್ನ ತಂಗಿ ಎಂದು ಅವರಿಗೆ ಹೇಳಬೇಡ. ಯಾಕೆ ಎಂದು ಕೇಳಬೇಡ, ಹೇಳಬೇಡ ಅಷ್ಟೇ.

ಅಮ್ಮ ನಿನ್ನ ಸುದ್ದಿ ಏನೂ ಇಲ್ಲವೆಂದು ಮುಖ ಊದಿಸಿಕೊಂಡಿದ್ದಾಳೆ. ವಾರಕ್ಕೊಮ್ಮೆಯಾದರೂ ಅವಳಿಗೆ ಫೋನ್ ಮಾಡಿ ಅಡುಗೆ ವಿಷಯ ಮಾತಾಡು.

ಕಮಲಾಕ್ಷ

*

ಮನಾಮಾ
8 ನವೆಂಬರ್ 2015

ಪ್ರೀತಿಯ ಅಣ್ಣ,

ನೀನು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡಿದ್ದೇನೆ. ಆದರೆ ದಿನಾ ಕಷ್ಟವಾಗುತ್ತದೆ. ಊರು ಮಂಗಳೂರು ಎಂದಾಗ ಅವರ ಕಣ್ಣು ಅರಳಿತು. ಅಲ್ಲಿಯ ಒಬ್ಬ ಗೋಲ್‌ಕೀಪರ್ ನನಗೆ ಗೊತ್ತು, ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು ಎಂದರು. ನಾನು ತುಟಿ ಕಚ್ಚಿಕೊಂಡು ಫೈಲ್ ತಿರುವಿದೆ. ಇಷ್ಟು ಪ್ರೀತಿಯಿಂದ ನೆನೆಸುವವರಿಂದ ನಿನ್ನ ಹೆಸರು ಮುಚ್ಚಿಡುವುದು ಯಾತಕ್ಕೆ? ಜಗಳ ಏನಾದರೂ ಆಗಿತ್ತಾ?

ನಮ್ಮ ತಂಡ ಗೆಲ್ಲುತ್ತಿದೆ. ಎರಡನೇ ಡಿವಿಷನ್ನಿನಲ್ಲಿ ನಾವೀಗ ಎರಡನೇ ಸ್ಥಾನ. ಹೀಗೇ ಹೋದರೆ ಏಪ್ರಿಲಿನಲ್ಲಿ ಮೇಲಿನ ಡಿವಿಷನ್. ಹಗ್ಗಕ್ಕೆ ಬೈದ ಕ್ಯಾಪ್ಟನ್ ಈಗ ತಾನೇ ಹಗ್ಗ ತಂದು ಕಟ್ಟಿಕೊಳ್ಳುತ್ತಾನೆ. ಆದರೆ ಪ್ರತಿ ಪಂದ್ಯದ ಹಿಂದಿನ ದಿನ ಕೋಚ್ ಮಾತೇ ಆಡುವುದಿಲ್ಲ, ಹಮದ್ ಟೌನಿನ ಮನೆಯಿಂದ ಬಂದು ಖಾಲಿ ಮೈದಾನದ ಸುತ್ತ ನಡೆಯುತ್ತಿರುತ್ತಾರೆ. ಒಮ್ಮೆ ನಾನು ಚಹಾ ಒಯ್ದಾಗ ಅವರೇ ಹೇಳಿದರು, “ದುಖ್ತರಂ, ನನಗೆ ಕಪ್ ಬೇಡ. ಒಂದು ತಂಡದ ಜೊತೆ ಒಂದು ಸೀಸನ್ ಪೂರ್ತಿ ಇರಬೇಕು. ಅದಕ್ಕಿಂತ ಹೆಚ್ಚು ಏನೂ ಕೇಳುವುದಿಲ್ಲ.” ದುಖ್ತರಂ ಎಂದರೆ ಅವರ ಭಾಷೆಯಲ್ಲಿ ನನ್ನ ಮಗಳೇ ಎಂದು. ನನಗೆ ಆ ಮಾತು ಕೇಳಿ ಸಂಕಟವಾಯಿತು. ಇವರಿಗೋಸ್ಕರವಾದರೂ ನಾವು ಗೆಲ್ಲಬೇಕು ಅನಿಸುತ್ತದೆ.

ಕ್ಲಬ್ಬಿನ ಅಧ್ಯಕ್ಷರು ಅಬು ನಾಸರ್. ಮನಾಮಾ ಸೂಕಿನಲ್ಲಿ, ಅಂದರೆ ಇಲ್ಲಿಯ ಹಳೆ ಪೇಟೆಯಲ್ಲಿ, ಪರದೆ ಬಟ್ಟೆಯ ದೊಡ್ಡ ಅಂಗಡಿ ಅವರದ್ದು, ಮುಂಬಯಿ ವ್ಯಾಪಾರದ ದೆಸೆಯಿಂದ ಹಿಂದಿ ಸರಾಗ. ಮೈದಾನಕ್ಕೆ ಅಪರೂಪಕ್ಕೆ ಬರುತ್ತಾರೆ. ಅವರಿಂದ ಕೋಚಿಗೆ, ಕೋಚಿನಿಂದ ಅವರಿಗೆ ಏನೇ ಮಾತಿದ್ದರೂ ನಡುವೆ ಸೇತುವೆ ನಾನೇ. ಇಲ್ಲಿಯ ಕೆಲಸ ನನಗೆ ಚೆನ್ನಾಗಿ ಕೈಗೆ ಹತ್ತಿದೆ. ಹೇಳಿದ್ದನ್ನು ತಕ್ಷಣ, ಸ್ವಚ್ಛವಾಗಿ ಮಾಡಿ ಮುಗಿಸುತ್ತಾಳೆ ಎಂದು ಅಬು ನಾಸರ್ ಮೊನ್ನೆ ಎಲ್ಲರೆದುರು ಹೇಳಿದರು.

ಉತ್ತರ ಬರೆ. ಹೋದ ಸಲದ್ದಕ್ಕೂ ಸೇರಿಸಿ ಬರೆ.

ತೃಪ್ತಿ

*

ಮನಾಮಾ
13 ಡಿಸೆಂಬರ್ 2015

ಅಣ್ಣ,

ನಿನ್ನ ಉತ್ತರಕ್ಕೆ ಕಾದು ಸಾಕಾಯಿತು. ಜಗಳ ಆಗಿತ್ತಾ ಎಂದು ಕೇಳಿದ್ದು ತಪ್ಪಾದರೆ ಬಿಡು, ಕೇಳುವುದಿಲ್ಲ. ಇವತ್ತು ಬರೆಯುತ್ತಿರುವುದು ಬೇರೆ ಸುದ್ದಿ.

ನಿನ್ನೆ ನಮಗೆ ಐದು ಗೋಲು ಬಿತ್ತು. ಡಿಫೆಂಡರ್ ಆಗಿ ಬದುಕಿದ ಮನುಷ್ಯನ ತಂಡಕ್ಕೆ ಐದು. ಪಂದ್ಯ ಮುಗಿದ ಮೇಲೆ ಅವರು ಡ್ರೆಸ್ಸಿಂಗ್ ರೂಮಿನ ಬೆಂಚಿನ ಮೇಲೆ ಬೂಟಿನ ಲೇಸ್ ಬಿಚ್ಚದೆ ಕೂತಿದ್ದರು. ನನ್ನನ್ನು ಕರೆದು ಹೇಳಿದರು, “ಅಬು ನಾಸರಿಗೆ ಹೇಳು. ಈ ಕುರ್ಚಿ ಅವರದ್ದು. ನಾನು ಇದಕ್ಕೆ ಯೋಗ್ಯನಲ್ಲ. ಅವರು ಹೇಳಿದ ಕ್ಷಣ ಬೀಗದ ಕೈ ಕೊಟ್ಟು ಹೋಗುತ್ತೇನೆ.”

ನನ್ನ ಕಣ್ಣು ತುಂಬಿತು ಅಣ್ಣ. ಇಷ್ಟು ಆಸೆಯಿಟ್ಟುಕೊಂಡ ಮನುಷ್ಯನಿಗೆ ಆ ಮಾತು ಹೇಳುವುದು ಎಷ್ಟು ಕಷ್ಟವಾಗಿರಬೇಕು. ಆಗ ನಾನು ಅಂದುಕೊಂಡೆ, ಹಿಂದಿನ ಕ್ಲಬ್ಬುಗಳ ಹಾಗೆ ಇಲ್ಲಿಯೂ ಕುತ್ತಿಗೆ ಹಿಡಿದು ದಬ್ಬಿಸಿಕೊಳ್ಳುವುದು ಬೇಡ, ಈ ಸಲ ಮರ್ಯಾದೆಯಿಂದ ಹೋಗಲಿ. ಆಫೀಸಿಗೆ ಹೋಗಿ ಇಂಗ್ಲಿಷಿನಲ್ಲಿ ಒಂದು ಚೆಂದದ ರಾಜೀನಾಮೆ ಪತ್ರ ಟೈಪ್ ಮಾಡಿದೆ. ಇಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ಕಾಗದ ಬೇಕು. ತಂಡದ ಹಿತಕ್ಕಾಗಿ, ಸ್ವಂತ ಇಚ್ಛೆಯಿಂದ, ತಕ್ಷಣ ಜಾರಿಗೆ ಬರುವಂತೆ, ಹೀಗೆ ಎಲ್ಲ ಸೇರಿಸಿದೆ. ಅಬು ನಾಸರಿಗೆ ಕೊಡುವ ಪತ್ರ, ಸಹಿ ಬೇಕು ಎಂದೆ. ಅವರು ಓದಲೂ ಇಲ್ಲ. “ನನ್ನ ಮಗಳು ಬರೆದದ್ದನ್ನು ನಾನು ಪರೀಕ್ಷೆ ಮಾಡುವುದೇ?” ಎಂದು ಸಹಿ ಹಾಕಿದರು. ಅಷ್ಟು ನಂಬಿಕೆ ನನ್ನ ಮೇಲೆ.

ಇವತ್ತು ಬೆಳಿಗ್ಗೆ ಸೂಕಿಗೆ ಹೋಗಿ ಅಬು ನಾಸರಿಗೆ ಕೊಟ್ಟೆ. ಓದಿ ನನ್ನ ಮುಖ ನೋಡಿದರು. ಅವರೇ ಹೇಳಿದರಾ ಎಂದು ಕೇಳಿದರು. ಹೌದು ಎಂದೆ. ನೋಡೋಣ ಎಂದು ಮೇಜಿನ ಡ್ರಾಯರಿನಲ್ಲಿಟ್ಟರು. ಮಧ್ಯಾಹ್ನ ಕೋಚ್ ಸಿಕ್ಕಿದಾಗ ಅಬು ನಾಸರ್ ಏನೆಂದರು ಎಂದು ಕೇಳಿದರು. ತೆಗೆದುಕೊಂಡರು ಎಂದೆ. “ತೆಗೆದುಕೊಂಡರಾ?” ಎಂದರು. ಹೌದು, ಇಟ್ಟುಕೊಂಡರು ಎಂದೆ. ಆಮೇಲೆ ತಲೆಯಾಡಿಸಿ, ಮೈದಾನದ ಕಡೆ ನಿಧಾನಕ್ಕೆ ನಡೆದುಹೋದರು. ಮನಸ್ಸಿನ ಭಾರ ಇಳಿದಿರಬೇಕು.

ನಿನ್ನ ಗೆಳೆಯನಿಗೆ ನನ್ನಿಂದಾದದ್ದು ಮಾಡಿದೆ. ನಿನಗೆ ಸಮಾಧಾನವಾಗಬಹುದೆಂದು ಬರೆದೆ.

ತೃಪ್ತಿ

*

ತೋಟ ಬೆಂಗ್ರೆ
14 ಡಿಸೆಂಬರ್ 2015

ತೃಪ್ತಿ,

ಎಂತ ಮಾಡಿಬಿಟ್ಟೆ ಮಾರಾಯ್ತಿ ನೀನು.

ಶಾಲೆಗೆ ರಜೆ ಹಾಕಿ ಇದನ್ನು ಬರೆಯುತ್ತಿದ್ದೇನೆ. ಓದಿದ ತಕ್ಷಣ ಎದ್ದು ಆ ಅಂಗಡಿಗೆ ಹೋಗು. ಕಾರಣ ಹೇಳುತ್ತೇನೆ, ಸಾವಕಾಶವಾಗಿ ಓದು.

ಗೋವಾದಲ್ಲಿ ಒಂದು ದಿನ ನಾನು ದೈಲಮಿಯವರ ಕೈಗಡಿಯಾರ ನೋಡಿ ಚೆನ್ನಾಗಿದೆ ಎಂದೆ. ಅವರು ಅದನ್ನು ಬಿಚ್ಚಿ ನನ್ನ ಕೈಗೆ ಇಟ್ಟು, ಇದು ನಿನ್ನದು ಎಂದರು. ನಾನು ಹಲ್ಲು ಕಿರಿದು ಕಟ್ಟಿಕೊಂಡೆ. ಒಂದು ವಾರ ಅದನ್ನು ತೋರಿಸಿಕೊಂಡು ತಿರುಗಿದೆ. ಕೊನೆಗೆ ನಮ್ಮ ತಂಡದ ಇನ್ನೊಬ್ಬ ಇರಾನಿ ನನ್ನನ್ನು ಮೂಲೆಗೆ ಎಳೆದು, ಅದು ಅವರ ತಂದೆಯ ಗಡಿಯಾರ ಕತ್ತೆ, ವಾಪಸು ಕೊಡು ಎಂದ. ಅವರಲ್ಲಿ ಇದಕ್ಕೆ ತಾರೋಫ್ ಎನ್ನುತ್ತಾರೆ. ಯಾರಾದರೂ ಮೆಚ್ಚಿದರೆ ನಿನ್ನದೇ ಎನ್ನಬೇಕು, ಮೆಚ್ಚಿದವನು ಬೇಡ ಎನ್ನಬೇಕು. ಊಟಕ್ಕೆ ಕರೆದರೆ ಎರಡು ಸಲ ಬೇಡ ಎನ್ನಬೇಕು, ಕರೆದವರು ಮೂರನೇ ಸಲ ಕರೆಯಬೇಕು. ಆ ಮೂರನೇ ಸಲದ ಉತ್ತರವೇ ನಿಜ. ಮೊದಲಿನ ಎರಡು ಬರಿಯ ಮರ್ಯಾದೆ. ನಾನು ಗಡಿಯಾರ ಕೊಡಲು ಹೋದಾಗಲೂ ಎರಡು ಸಲ ಇಟ್ಟುಕೋ ಎಂದರು, ಮೂರನೇ ಸಲಕ್ಕೆ ತೆಗೆದುಕೊಂಡರು.

ನಿನ್ನ ಅಂಜಲ್ ಮೀನನ್ನು ಅವರು ಬೇಡ ಎಂದದ್ದು ಜಂಬದಿಂದಲ್ಲ. ಇನ್ನೊಮ್ಮೆ ಕೇಳಿದ್ದರೆ ತಿನ್ನುತ್ತಿದ್ದರು. ನಮ್ಮಮ್ಮನೇನು, ಮನೆಗೆ ಬಂದವರು ಬೇಡ ಎಂದ ಕೂಡಲೇ ಬಟ್ಟಲು ಎತ್ತಿಡುತ್ತಾಳೆಯೇ? ಬೇಡ ಬೇಡ ಎಂದವರ ಎಲೆಗೆ ಬಡಿಸಿಯೇ ಬಡಿಸುತ್ತಾಳೆ. ಇದೆಲ್ಲ ಗೊತ್ತಿದ್ದವಳೇ ನೀನು. ಗಲ್ಫಿನ ಆಫೀಸು ನಿನ್ನನ್ನು ಒಂದೇ ಸಲ ಕೇಳಿ ಬರೆದುಕೊಳ್ಳುವವಳನ್ನಾಗಿ ಮಾಡಿದೆ.

ಸೋತ ಮೇಲೆ ಈ ಕುರ್ಚಿ ನಿಮ್ಮದು, ನಾನು ಯೋಗ್ಯನಲ್ಲ ಎಂದದ್ದು ರಾಜೀನಾಮೆ ಅಲ್ಲ. ಅದು ತಲೆ ತಗ್ಗಿಸಿದ್ದು. ಅಬು ನಾಸರ್ ಛೆ ಛೆ, ನಿಮ್ಮನ್ನು ಬಿಟ್ಟರೆ ಯಾರು ಎನ್ನಬೇಕಿತ್ತು, ಆ ಮಾತನ್ನು ನೀನು ತರಬೇಕಿತ್ತು. ಅದಕ್ಕೇ ನಡುವೆ ನಿನ್ನನ್ನು ಕಳಿಸಿದ್ದು. ಪತ್ರ ಓದದೆ ಸಹಿ ಹಾಕಿದ್ದೂ ಅದೇ. ಓದಿದರೆ ನಿನ್ನನ್ನು ನಂಬದ ಹಾಗೆ ಆಗುತ್ತದಲ್ಲ. ಅವರ ಭಾರ ಇಳಿಯಲಿಲ್ಲ ತಂಗಿ, ನೀನು ತಂದು ಹೇರಿದ್ದು.

ಆ ಕಾಗದ ವಾಪಸು ತೆಗೆದುಕೊಂಡು ಹರಿದು ಹಾಕು. ಇವತ್ತೇ.

ಕಮಲಾಕ್ಷ

*

ಮನಾಮಾ
20 ಡಿಸೆಂಬರ್ 2015

ಅಣ್ಣ,

ನೀನು ಬರೆದ ರೀತಿಗೆ ಎರಡು ದಿನ ಸಿಟ್ಟಿತ್ತು. ಆಮೇಲೆ ನಾಚಿಕೆಯಾಯಿತು. “ನಿನಗೆ ಎಂತಕ್ಕೆ ಬೇಜಾರು? ಅವರು ಹೇಳಿದ್ದು ನೀನು ಟೈಪ್ ಮಾಡಿದ್ದು, ಅಷ್ಟೇ ಅಲ್ವಾ?” ಎಂದ ಸುಧೀರ. ನನ್ನ ಗಂಡನದ್ದೇನು, ಗ್ಯಾರೇಜಿನಲ್ಲಿ ಗಿರಾಕಿ ಬ್ರೇಕ್ ಸರಿಯಿಲ್ಲ ಎಂದರೆ ಬ್ರೇಕೇ ಸರಿಯಿರುವುದಿಲ್ಲ.

ಅಬು ನಾಸರ್ ಅವರ ಅಂಗಡಿಗೆ ಹೋದೆ. ವಿಷಯ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ತಮ್ಮ ಅಜ್ಜ ಬೂಶೆಹ್ರ್ ದೋಣಿಗಳ ಜೊತೆ ವ್ಯಾಪಾರ ಮಾಡಿದವರು, ಇರಾನಿಗಳ ಮಾತು ತಮಗೆ ಗೊತ್ತಿಲ್ಲವೇ, ಚಿಂತೆ ಬಿಡು ಎಂದರು. ನನ್ನೆದುರೇ ಕೋಚಿಗೆ ಫೋನ್ ಮಾಡಿ, ನೀವಿಲ್ಲದೆ ಈ ಕ್ಲಬ್ಬೇ ಇಲ್ಲ ಎಂದರು. ನಿನ್ನೆಯ ಪಂದ್ಯ ಒಂದು ಗೋಲಿನಿಂದ ಗೆದ್ದೆವು. ಕೋಚ್ ಬಂದು ನನ್ನ ತಲೆ ಸವರಿದರು. ಎಲ್ಲ ಸರಿಹೋಯಿತು.

ಪತ್ರದಲ್ಲಿ ಏನು ಬರೆದಿದ್ದೆ ಎಂದು ಕೋಚಿಗೆ ಹೇಳಲಿಲ್ಲ. ಹೇಳಿ ಈಗೇನು ಪ್ರಯೋಜನ?

ತೃಪ್ತಿ

*

ತೋಟ ಬೆಂಗ್ರೆ
21 ಡಿಸೆಂಬರ್ 2015

ತೃಪ್ತಿ,

ಕಾಗದ ಎಲ್ಲಿ? ನಕ್ಕರು, ಫೋನ್ ಮಾಡಿದರು ಎಂದೆಲ್ಲ ಬರೆದೆ. ಹರಿದರು ಎಂದು ಬರೆಯಲಿಲ್ಲ.

ಕೋಚಿಗೂ ಹೇಳಿಬಿಡು. ಬೇರೆಯವರ ಬಾಯಿಂದ ತಿಳಿಯುವುದು ಬೇಡ.

ಕಮಲಾಕ್ಷ

*

ಮನಾಮಾ
10 ಜನವರಿ 2016

ಅಣ್ಣ,

ನಿನ್ನ ಪತ್ರ ಓದಿಯೂ ಉತ್ತರ ಬರೆಯಲಿಲ್ಲ. ಅಂಗಡಿಗೆ ಹೋಗಿ, ಗಿರಾಕಿಗಳ ಎದುರು ಅಧ್ಯಕ್ಷರಿಗೆ ಡ್ರಾಯರ್ ತೆಗೆಯಿರಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ಕೋಚಿಗೆ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ತಳ್ಳಿದೆ. ತಂಡ ಮೊದಲ ಸ್ಥಾನಕ್ಕೆ ಬಂದಿತ್ತು, ಅವರು ನಗುತ್ತಿದ್ದರು, ಆ ನಗು ಕೆಡಿಸಲು ಮನಸ್ಸಾಗಲಿಲ್ಲ.

ಹೊಸ ವರ್ಷದ ಸುದ್ದಿ ನೀನು ಪೇಪರಿನಲ್ಲಿ ಓದಿರಬಹುದು. ಬಹರೈನ್ ಇರಾನಿನ ಜೊತೆ ಸಂಬಂಧ ಕಡಿದುಕೊಂಡಿದೆ. ವಿಮಾನಗಳು ನಿಂತಿವೆ. ಸೂಕಿನಲ್ಲಿ ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಾರೆ. ನಮ್ಮ ಕ್ಲಬ್ಬಿಗೆ ಮೇಲಿನಿಂದ ಯಾರೂ ಏನೂ ಹೇಳಲಿಲ್ಲ, ಆದರೆ ಕಮಿಟಿಯವರಿಗೆ ತಾವಾಗಿಯೇ ಹೆದರಿಕೆ ಹತ್ತಿತು. ಈ ಹೊತ್ತಿನಲ್ಲಿ ಇರಾನಿ ಕೋಚ್ ಯಾಕೆ ಎಂದು ಒಬ್ಬರು ಶುರುಮಾಡಿದರು. ತೆಗೆಯಲು ಕಾರಣವಿಲ್ಲವಲ್ಲ, ತಂಡ ಮೊದಲ ಸ್ಥಾನದಲ್ಲಿದೆ ಎಂದರು ಇನ್ನೊಬ್ಬರು. ಆಗ ಅಬು ನಾಸರ್ ಬ್ಯಾಗಿನಿಂದ ನನ್ನ ಪತ್ರ ತೆಗೆದು ಮೇಜಿನ ಮೇಲಿಟ್ಟರು.

ನಾನು ಅಲ್ಲೇ ಮೀಟಿಂಗ್ ಬರೆದುಕೊಳ್ಳುತ್ತಾ ಕೂತಿದ್ದೆ ಅಣ್ಣ. ಕೋಚನ್ನು ಒಳಗೆ ಕರೆದರು. ಅವರು ಪತ್ರವನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನಕ್ಕೆ ಓದಿದರು, ಇಂಗ್ಲಿಷ್ ಓದುವುದು ಅವರಿಗೆ ಕಷ್ಟ. ಎರಡನೇ ಸಲವೂ ಓದಿದರು. ಇದು ನಿಮ್ಮ ಸಹಿಯೇ ಎಂದು ಒಬ್ಬರು ಕೇಳಿದರು. ಹೌದು, ನನ್ನದೇ ಎಂದರು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ.

ನಾನು ಎದ್ದು ನಿಂತೆ. ಅವರು ರಾಜೀನಾಮೆ ಕೊಡಲಿಲ್ಲ, ಅವರ ಮಾತನ್ನು ನಾನು ತಪ್ಪಾಗಿ ತಿಳಿದು ಬರೆದೆ, ಅವರು ಓದದೆ ಸಹಿ ಹಾಕಿದರು, ಬೇಕಾದರೆ ನನ್ನನ್ನು ತೆಗೆಯಿರಿ ಎಂದೆ. ಪೂರ್ತಿ ಹೇಳಿದೆ. ಕೋಚ್, ಇಲ್ಲ, ಅವಳು ಸರಿಯಾಗಿಯೇ ಬರೆದಿದ್ದಾಳೆ ಎಂದು ಹೊರಗೆ ಹೋದರು.

ಆಮೇಲೆ ಅಬು ನಾಸರ್ ನನ್ನನ್ನು ಬೇರೆ ಕೂರಿಸಿ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. “ಬೇಟಿ, ನನಗೆಲ್ಲ ಗೊತ್ತು. ಆದರೆ ಈ ಕಾಗದ ಇಲ್ಲದಿದ್ದರೆ ನಾವು ಬೇರೆ ಕಾಗದ ಬರೆಯಬೇಕಿತ್ತು. ಅದರಲ್ಲಿ ಕಾರಣ ಬರೆಯಬೇಕಿತ್ತು. ಆ ಕಾರಣ ಅವನ ಹೆಸರಿಗೆ ಜೀವಮಾನ ಅಂಟಿಕೊಳ್ಳುತ್ತಿತ್ತು. ಈಗ ಅವನೇ ಹೋದ ಹಾಗಾಯಿತು. ನಾಳೆ ಓಮಾನಿನಲ್ಲಿ ಕೆಲಸ ಸಿಗುತ್ತದೆ.”

ಇದು ನಿಜವೋ, ತಮ್ಮ ಮನಸ್ಸಿನ ಸಮಾಧಾನಕ್ಕೆ ಹೇಳಿದ್ದೋ ತಿಳಿಯುತ್ತಿಲ್ಲ. ಆ ಕಾಗದ ಇಲ್ಲದಿದ್ದರೆ ಬೇರೆ ಕಾಗದ ಬರೆಯುವಷ್ಟು ಧೈರ್ಯ ಆ ಕಮಿಟಿಗೆ ಇತ್ತೇ? ಇಲ್ಲದಿರಲೂಬಹುದು. ಹಾಗಾದರೆ ಅವರನ್ನು ಕಳಿಸಿದ್ದು ನಾನೇ. ವೀಸಾ ಕ್ಲಬ್ಬಿನದ್ದು, ಕೆಲಸ ಹೋದರೆ ಇಲ್ಲಿಂದ ಹೋಗಲೇಬೇಕು. ಒಮ್ಮೆ ಹೋದರೆ ಮತ್ತೆ ಬರಲಾಗುವುದಿಲ್ಲ. ಈ ತಿಂಗಳು ಇಪ್ಪತ್ತೆರಡರ ಪಂದ್ಯದವರೆಗೆ ಇರಲಿ ಎಂದಿದ್ದಾರೆ, ಹೊಸಬರು ಸಿಗುವ ತನಕ.

ನಿನ್ನೆ ಅವರ ಹತ್ತಿರ ಹೋಗಿ ಕ್ಷಮಿಸಿ ಎಂದೆ. “ಕ್ಷಮಿಸುವಂಥದ್ದು ಏನಾಗಿದೆ ದುಖ್ತರಂ? ಬಹಳ ಚೆಂದದ ಪತ್ರ,” ಎಂದು ಎದೆಯ ಮೇಲೆ ಕೈಯಿಟ್ಟು ನಕ್ಕರು. ಆ ನಗುವನ್ನು ಏನೆಂದು ತಿಳಿಯಲಿ ಅಣ್ಣ? ನಿಜವಾಗಿ ಕ್ಷಮಿಸಿದರೋ, ಮರ್ಯಾದೆಗೆ ಹೇಳಿದರೋ? ಒಂದು ಕಾಲದಲ್ಲಿ ಎಲ್ಲವನ್ನೂ ನಂಬುತ್ತಿದ್ದೆ, ಈಗ ಯಾವ ಮಾತನ್ನೂ ನಂಬಲಾಗುತ್ತಿಲ್ಲ. ಊಟ ಸೇರುತ್ತಿಲ್ಲ.

ತೃಪ್ತಿ

*

ತೋಟ ಬೆಂಗ್ರೆ
12 ಜನವರಿ 2016

ಪ್ರೀತಿಯ ತಂಗಿ,

ಮೊದಲು ಊಟ ಮಾಡು.

ಮೀಟಿಂಗಿನಲ್ಲಿ ಎದ್ದು ನಿಂತೆಯಲ್ಲ, ಅದನ್ನು ಓದಿ ನನಗೆ ಹೆಮ್ಮೆಯಾಯಿತು. ತಡವಾಯಿತು ನಿಜ. ಆದರೂ ನಿಂತೆ. ನಾನು ನಿಂತಿರಲಿಲ್ಲ. ನಿನ್ನ ನವೆಂಬರಿನ ಪತ್ರಕ್ಕೆ ಉತ್ತರ ಬರೆಯದೆ ಇದ್ದದ್ದೂ ಅದಕ್ಕೇ. ಜಗಳ ಆಗಿರಲಿಲ್ಲ ತೃಪ್ತಿ.

ದೈಲಮಿ ಗೋವಾ ಬಿಟ್ಟು ಹೊರಟಾಗ ನಾನು ಮಡಗಾಂವ್ ಸ್ಟೇಷನ್ನಿಗೆ ಹೋಗಿದ್ದೆ. ಬಹರೈನಿನ ಕ್ಲಬ್ಬಿಗೆ ಗೋಲ್‌ಕೀಪರ್ ಬೇಕು, ನೀನು ಬಾ, ನಾನು ಮಾತಾಡುತ್ತೇನೆ ಎಂದರು. ನಾನು ನಕ್ಕೆ. ರೈಲು ಹೊರಡುವಾಗ ಕಿಟಕಿಯಿಂದ ಇನ್ನೊಮ್ಮೆ ಹೇಳಿದರು. ಗಡಿಯಾರದ ಪಾಠ ನನಗೆ ಹೊಸದಾಗಿ ಆಗಿತ್ತು, ಇನ್ನೊಮ್ಮೆ ಕತ್ತೆಯಾಗಬಾರದು ಎಂದುಕೊಂಡೆ. ಮೂರನೇ ಸಲ ಅವರು ಹೇಳುವಷ್ಟರಲ್ಲಿ ರೈಲು ಹೋಯಿತು. ಫೋನ್ ಮಾಡಿ ನಿಜವಾಗಿ ಕರೆದದ್ದೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮುಂದಿನ ವರ್ಷ ನನ್ನ ಕ್ಲಬ್ ಮುಚ್ಚಿತು, ಊರಿಗೆ ಬಂದು ಸೀಟಿ ಊದುವ ಕೆಲಸ ಹಿಡಿದೆ. ಕೆಲಸದ ಬಗ್ಗೆ ದೂರಿಲ್ಲ. ಆದರೆ ಸುಮ್ಮನೆ ಹೇಳಿದ್ದು ಎಂದರೂ ನನಗೆ ನೋವು, ನಿಜ ಎಂದರೆ ಅದಕ್ಕಿಂತ ನೋವು. ಅದಕ್ಕೇ ನನ್ನ ಹೆಸರು ಹೇಳಬೇಡ ಎಂದದ್ದು.

ಈಗ ಹೇಳು. ನೀನು ಯಾರ ತಂಗಿ ಎಂದು ತಿಳಿದೇ ಅವರು ಆ ಊರು ಬಿಡಲಿ.

ಇನ್ನೊಂದು. ಕ್ಷಮೆಯನ್ನು ನೀನು ಒಂದು ಸಲ ಕೇಳಿದ್ದೀಯ. ಇನ್ನೂ ಎರಡು ಸಲ ಕೇಳು. ಕೊನೆಯ ಉತ್ತರ ಏನೇ ಬಂದರೂ ಅದನ್ನು ತೆಗೆದುಕೋ. ಹೆದರಿ ಎರಡಕ್ಕೇ ನಿಲ್ಲಿಸಬೇಡ. ನಿಲ್ಲಿಸಿದವನ ಕಥೆ ಈಗಷ್ಟೇ ಓದಿದೆಯಲ್ಲ.

ನಿನ್ನ ಅಣ್ಣ,
ಕಮಲಾಕ್ಷ

*

ಮನಾಮಾ
24 ಜನವರಿ 2016

ಪ್ರೀತಿಯ ಅಣ್ಣ,

ಅವರು ಇವತ್ತು ಊರಿಗೆ ಹೋದರು, ಮಸ್ಕತ್ ಮೂಲಕ. ಅಬು ನಾಸರ್ ಹೇಳಿದ ಓಮಾನಿನ ಕೆಲಸ ಇನ್ನೂ ಬರಿಯ ಮಾತಿನಲ್ಲೇ ಇದೆ. ಸುಧೀರ ಗ್ಯಾರೇಜಿನ ಕಾರು ತಂದ, ನಾವಿಬ್ಬರೂ ಏರ್‌ಪೋರ್ಟಿಗೆ ಬಿಟ್ಟುಬಂದೆವು. ಕ್ಲಬ್ಬಿನಿಂದ ಬೇರೆ ಯಾರೂ ಬರಲಿಲ್ಲ. ಕ್ಯಾಪ್ಟನ್ ಫೋನ್ ಮಾಡಿ ಅತ್ತ.

ಕೊನೆಯ ಪಂದ್ಯ ಗೋಲಿಲ್ಲದೆ ಮುಗಿಯಿತು. ಎದುರಿನವರು ಇಡೀ ಹೊತ್ತು ನಮ್ಮ ಅರ್ಧದಲ್ಲೇ ಇದ್ದರು, ಚೆಂಡು ಮಾತ್ರ ಒಳಗೆ ಹೋಗಲಿಲ್ಲ. ನಮ್ಮ ನಾಲ್ವರು ಹಗ್ಗವಿಲ್ಲದೆಯೂ ಹಗ್ಗ ಕಟ್ಟಿದಂತೆ ಆಡಿದರು. ಮೊದಲ ಸ್ಥಾನ ಉಳಿಯಿತು. ಕೋಚ್ ಚಪ್ಪಾಳೆ ತಟ್ಟಲಿಲ್ಲ, ಎದ್ದು ಒಬ್ಬೊಬ್ಬರ ಬೆನ್ನಿನ ಮೇಲೂ ಕೈಯಿಟ್ಟು ಒಳಗೆ ಹೋದರು. ಸೀಸನ್ನಿನ ಅರ್ಧ ಇನ್ನೂ ಉಳಿದಿದೆ ಅಣ್ಣ. ಅದನ್ನು ನೋಡಲು ಅವರು ಇರುವುದಿಲ್ಲ.

ಪಂದ್ಯ ಮುಗಿದ ಮೇಲೆ ಆಫೀಸಿನಲ್ಲಿ ಅವರ ಕಾಗದಪತ್ರ ಕೊಡುವಾಗ ಎರಡನೇ ಸಲ ಕ್ಷಮೆ ಕೇಳಿದೆ. ಏನೂ ಆಗಿಲ್ಲ, ನೀನು ನನ್ನ ಮಗಳು, ಮಕ್ಕಳ ಮೇಲೆ ಯಾರಾದರೂ ಕೋಪ ಮಾಡಿಕೊಳ್ಳುತ್ತಾರೆಯೇ ಎಂದರು. ಮತ್ತೆ ಅದೇ ನಗು. ಅಲ್ಲಿಗೇ ಬಿಟ್ಟಿದ್ದರೆ ನಾನು ಸುಖವಾಗಿ ನಿದ್ದೆ ಮಾಡಬಹುದಿತ್ತು.

ನಿನ್ನ ವಿಷಯ ಇವತ್ತು ಕಾರಿನಲ್ಲಿ ಹೇಳಿದೆ. ಕಮಲಾಕ್ಷ ಪುತ್ರನ್ ನನ್ನ ಅಣ್ಣ ಎಂದೆ. ಅವನ ಮೇಲೆ ನನಗೆ ಕೋಪವಿದೆ ಎಂದು ಹೇಳು, ಯಾಕೆಂದು ಅವನಿಗೆ ಗೊತ್ತು ಎಂದರು. ಅದರ ಮೇಲೆ ನಾನು ಏನನ್ನೂ ಕೇಳಲಿಲ್ಲ. ಕೇಳಬೇಕಾದವನು ನೀನು. ಬೂಶೆಹ್ರಿನ ಅವರ ಮನೆಯ ನಂಬರ್ ನಿನ್ನ ಫೋನಿಗೆ ಕಳಿಸಿದ್ದೇನೆ.

ಏರ್‌ಪೋರ್ಟಿನಲ್ಲಿ ಸುಧೀರ ಟ್ರಾಲಿ ತರಲು ಹೋದ. ನಾವಿಬ್ಬರೇ ನಿಂತಿದ್ದೆವು. ಬಾಯಿ ಬಿಟ್ಟರೆ ಅಳು ಬರುತ್ತದೆ ಎನಿಸಿತು, ಆದರೂ ಬಿಟ್ಟೆ. ನಿಮ್ಮ ಸೀಸನ್ ನನ್ನಿಂದ ಹೋಯಿತು, ನನ್ನನ್ನು ಕ್ಷಮಿಸಿದ್ದೀರಾ ಎಂದು ಮೂರನೇ ಸಲ ಕೇಳಿದೆ.

ಈ ಸಲ ಅವರು ಎದೆಯ ಮೇಲೆ ಕೈಯಿಡಲಿಲ್ಲ. ನಗಲಿಲ್ಲ. ಮೊದಲ ಬಾರಿಗೆ ನನ್ನ ಕಣ್ಣನ್ನೇ ನೋಡಿದರು.

“ಇಲ್ಲ,” ಎಂದರು. “ಇನ್ನೂ ಇಲ್ಲ.”

ಟ್ರಾಲಿ ಬಂತು. ತಮ್ಮ ಪೆಟ್ಟಿಗೆಯನ್ನು ತಾವೇ ಎತ್ತಿಟ್ಟುಕೊಂಡು ಒಳಗೆ ಹೋದರು.

ತೃಪ್ತಿ